ನೀರು ಮಲಗುವ ತನಕ

ಮೇಡಂ ಅವರಿಗೆ ನಮಸ್ಕಾರ.

ನನ್ನ ಕಿರಿಯ ಸಹಪಾಠಿಯ ತೇಲುವ ಗಾಳಿಯಂತ್ರದ ಮಾದರಿ ಅಷ್ಟು ಓಲಾಡಿದ್ದು ಅವಳ ತಪ್ಪಿನಿಂದಲ್ಲ. ಕೃತಕ ಅಲೆ ಎಬ್ಬಿಸುವ ನಮ್ಮ ಪ್ರಯೋಗಾಲಯದ ಅಲೆತೊಟ್ಟಿಯಲ್ಲಿ ಅದರ ಪರೀಕ್ಷೆ ನಡೆಸಿದವಳು ನಾನು. ಪ್ರತಿ ಸುತ್ತಿನ ನಂತರ ನೀರು ನಿಲ್ಲಲು ಇಪ್ಪತ್ತು ನಿಮಿಷ ಕಾಯಬೇಕಿತ್ತು. ಬಸ್ಸು ತಪ್ಪೀತೆಂದು ಐದೇ ನಿಮಿಷಕ್ಕೆ ಮುಂದಿನ ಅಲೆ ಎಬ್ಬಿಸಿದೆ; ಹಳೆಯ ಅಲೆಗೆ ಹೊಸದು ಸೇರಿ ಮಾದರಿ ಓಲಾಡಿತು. "ನೀರಿನ್ನೂ ಮಲಗಿಲ್ಲ ಕಣಮ್ಮಾ, ತಡಿ" ಎಂದ ತೊಟ್ಟಿ ಕಾಯುವ ಅಜ್ಜನ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ನನ್ನ ಅಂಕಿಗಳನ್ನು ನಂಬಿ ನೀವು ಅವಳ ವಿನ್ಯಾಸ ತಳ್ಳಿಹಾಕಿದಿರಿ. ಅವಳು ಸಂಶೋಧನೆಯನ್ನೇ ಬಿಟ್ಟು ಹೋದಳು. ನಾನು ಬಾಯಿ ಬಿಡಲಿಲ್ಲ.

ಅವಳ ವಿಳಾಸ ಸಿಕ್ಕರೆ ದಯವಿಟ್ಟು ಈ ಪತ್ರವನ್ನು ಅವಳಿಗೂ ಕಳಿಸಿ. ನನ್ನನ್ನು ತಡೆಯಲಿಲ್ಲವೆಂದು ಅಜ್ಜನನ್ನು ಗದರಬೇಡಿ; ಪ್ರಯೋಗಾಲಯದ ನನ್ನ ಬೀಗದ ಕೈ ಅವರಿಗೆ ಕೊಟ್ಟಿದ್ದೇನೆ.

ಇಂದು ಪೂರ್ತಿ ಇಪ್ಪತ್ತು ನಿಮಿಷ ಕಾದೆ. ನೀರು ಮಲಗಿತು. ತೇಲಿಸಲು ಅವಳ ಮಾದರಿಯಿರಲಿಲ್ಲ. ಯಾರೂ ಮತ್ತೆ ಪರೀಕ್ಷಿಸಬಾರದೆಂದು ಹೋದ ತಿಂಗಳು ಅದನ್ನು ಒಡೆದು ಹಾಕಿದವಳೂ ನಾನೇ.

ಇಂತಿ,
ನೀವು ನಂಬಿದ್ದ ಹಿರಿಯ ವಿದ್ಯಾರ್ಥಿನಿ