ಮೆನುವಿನಲ್ಲಿ ಮೊದಲ ಹೆಸರು ಯಾರದು, ಕಾಕಾ?

ಸ್ವಸ್ತಿಶ್ರೀ ಸಮಸ್ತ ಕಮರಿಪೇಟೆ ಓಣಿಗಳ ಲಗ್ನಪತ್ರಿಕಾ ಸಾಮ್ರಾಟ, ಬೀಗರ ಜಗಳ ಭಂಜನ, ಅರಿಶಿಣ-ಕುಂಕುಮಾಂಕಿತ ಲಕೋಟೆಗಳ ಒಡೆಯ, ಸದ್ಯ ಕೈಲಾಸದಲ್ಲಿ ಬಿಡಾರ ಹೂಡಿರುವ ಶ್ರೀಮಾನ್ ವಸಂತಕಾಕಾ ಅವರ ದಿವ್ಯ ಚರಣಗಳಿಗೆ, ನಿಮ್ಮ ಅಂಗಡಿಯ ಬಾಜೂ ಮನೆಯ ಪಮ್ಯಾ ಮಾಡುವ ಸಾಷ್ಟಾಂಗ ನಮಸ್ಕಾರಗಳು. ಇತ್ತ ಕುಶಲ. ಅತ್ತಲೂ ಕುಶಲವೇ ಇರಬೇಕು; ಅಲ್ಲಿ ಇನ್ನೇನು ಕೆಡುವುದಿದೆ?

ನಿನ್ನೆ ನಿಮ್ಮ ಮನೆಯೊಡತಿ ಕಾಕು ನನ್ನನ್ನು ಕರೆದು, ಅಂಗಡಿಯ ವೆಬ್‌ಸೈಟಿನಲ್ಲಿ ನಿಮ್ಮ ಫೋಟೋ ಇರುವ ಒಂದು ಪುಟ ಹಾಕು ಎಂದರು. ಪುಟ ಮಾಡುವುದು ಐದು ನಿಮಿಷದ ಕೆಲಸ. ಆದರೆ ಅದನ್ನು ಮೆನುವಿನಲ್ಲಿ ಎಷ್ಟನೆಯದಾಗಿ ಇಡಬೇಕು? ಯಾರ ಹೆಸರು ಮೇಲೆ, ಯಾರದು ಕೆಳಗೆ ಎಂಬುದನ್ನು ಈ ಓಣಿಯಲ್ಲಿ ನಿಮ್ಮನ್ನು ಬಿಟ್ಟು ಯಾರನ್ನು ಕೇಳಿದ್ದೇವೆ?

ನಾವಿಬ್ಬರೂ ವೆಬ್‌ಸೈಟ್ ಕಟ್ಟಲು ಕುಳಿತ ಮೊದಲ ದಿನ ನೆನಪಿದೆಯೇ? ಊರ ತುಂಬ ಮಿರಿಮಿರಿ ಹೊಳೆಯುವ ಕಾರ್ಡಿನ ಅಂಗಡಿಗಳಾಗಿ, ನಿಮ್ಮ ಹಳೆಯ ಅಚ್ಚಿನ ಮಶೀನಿನ ಮುಂದೆ ಮಂದಿ ನಿಲ್ಲುವುದನ್ನೇ ಬಿಟ್ಟಿದ್ದರು. "ಈ ಲಗ್ನಸರಾಯಿ ಮುಗಿಯೂದ್ರಾಗ ವೆಬ್‌ಸೈಟ್ ನೋಡಿ ಒಬ್ಬರರೆ ಬರಲಿಲ್ಲಂದ್ರ ಶಟರ್ ಎಳೀತೇನಿ, ಪಮ್ಯಾ" ಎಂದಿರಿ. ನಗುತ್ತಲೇ ಹೇಳಿದಿರಿ. ಹಿಂದೆ ನಿಂತಿದ್ದ ಕಾಕು ನಗಲಿಲ್ಲ. ಆಮೇಲೆ ನೀವು ಲಗ್ನಪತ್ರಿಕೆಗೆ ಹಚ್ಚುವಂತೆ ಮಾನಿಟರಿನ ನಾಲ್ಕೂ ಮೂಲೆಗೆ ಅರಿಶಿಣ ಹಚ್ಚಿದಿರಿ. ಒರೆಸಲು ಹೋದ ನನ್ನ ಕೈಗೆ ಏಟು ಬಿತ್ತು.

ಪರದೆಯ ಎಡಗಡೆ ಪುಟಗಳ ಪಟ್ಟಿ. ಪ್ರತಿ ಹೆಸರಿನ ಪಕ್ಕ ಮೇಲೆ-ಕೆಳಗೆ ಸರಿಸಲು ಎರಡು ಬಾಣ. "ಇಲ್ಲಿ ಹೆಂಗ ಜೋಡಸ್ತೀವಿ, ಮೆನುವಿನಾಗ ಹಂಗ ಕಾಣ್ತಾವ್ರಿ" ಎಂದು ನಾನು ವಿವರಿಸಿದೆ.

"ಅಂದ್ರ ಇದೂ ಲಗ್ನಪತ್ರಿಕಿನ."

"ಮೊದಲ ಮುಖಪುಟ ಬರಬೇಕ್ರಿ, ಕಾಕಾ."

"ಗಣಪತಿನ್ನ ಬಿಟ್ಟು ಮುಖಪುಟ? ನಿಮ್ಮಪ್ಪನ ಲಗ್ನದ ಕಾರ್ಡಿನಾಗ ಹಂಗ ಹಾಕಿದ್ದರ ನೀ ಹುಟ್ಟತಿದ್ದೇನು?"

ಹೀಗೆ ಮೊದಲ ಪುಟ ಗಣಪತಿಯದಾಯಿತು. ಅದರಲ್ಲಿ ಗಣಪತಿಯ ಚಿತ್ರ ಬಿಟ್ಟು ಬೇರೇನೂ ಇಲ್ಲ. ಎರಡನೆಯದು ಮನೆದೇವರು, ಮೂರನೆಯದು ಹಿರಿಯರ ಆಶೀರ್ವಾದ. ಆರನೆಯದಕ್ಕೆ ಕಾರ್ಡುಗಳ ದರ್ಶನ. ಹನ್ನೊಂದನೆಯ, ಕಟ್ಟಕಡೆಯ ಪುಟ 'ತಮ್ಮ ಸುಖಾಗಮನ ಬಯಸುವವರು'. ಅಂಗಡಿಯ ಫೋನ್ ನಂಬರ್ ಇದ್ದದ್ದು ಅದರ ತಳದಲ್ಲಿ. ನಂಬರ್ ಮೇಲೆ ತರೋಣ ಎಂದರೆ, "ಮನಿಯವರ ಹೆಸರು ಯಾವತ್ತೂ ಕೆಳಗಿರಬೇಕೋ. ಮ್ಯಾಲ ಕುಂತ್ರ ಮಂದಿ ಸೊಕ್ಕು ಅಂತಾರ" ಎಂದಿರಿ. ಸಾಲದ್ದಕ್ಕೆ ಆಗ ಇಂಟರ್‌ನೆಟ್ ಬರುತ್ತಿದ್ದುದೇ ಫೋನಿನ ತಂತಿಯಲ್ಲಿ; ಅದು ಹತ್ತಿದರೆ ಫೋನ್ ಬಂದ್. ನೀವು ದಿನವೆಲ್ಲ ನಿಮ್ಮ ಗಣಪತಿಯನ್ನು ನೋಡುತ್ತ ಕೂತರೆ, ಹನ್ನೊಂದೂ ಪುಟ ದಾಟಿ ಬಂದ ಪುಣ್ಯಾತ್ಮನಿಗೆ ಫೋನ್ ಹತ್ತುವುದಾದರೂ ಹೇಗೆ...

ಅಮರಗೋಳದ ಮಾರ್ಕೆಟ್ಟಿನ ದಲಾಲರ ಮಗಳ ಮದುವೆ ನನಗೆ ನೆನಪಾದದ್ದು ಆಗ. ಕಾರ್ಡಿನಲ್ಲಿ ಹುಡುಗಿಯ ಕಾಕಾನ ಹೆಸರು ಮೊದಲೋ, ಸೋದರಮಾವನದೋ ಎಂದು ನಿಮ್ಮ ಅಂಗಡಿಯಲ್ಲೇ ಕೈಕೈ ಹತ್ತುವುದಿತ್ತು. ನೀವು ಇಬ್ಬರಿಗೂ ಚಹಾ ತರಿಸಿ ಕೊಟ್ಟು, ದಲಾಲರನ್ನು ಮೂಲೆಗೆ ಕರೆದಿರಿ. "ಎರಡು ಥರ ಛಾಪಸೂಣ್ರಿ. ಕಾಕಾನ ಕಡಿಯವರಿಗೆ ಒಂದು, ಮಾಮಾನ ಕಡಿಯವರಿಗೆ ಒಂದು. ಎರಡೂ ಎದುರಾಎದುರು ಬರಲಾರದಂಗ ನೋಡ್ಕೊಂಡ್ರ ಆತು." ಮದುವೆ ನಿರ್ವಿಘ್ನವಾಗಿ ನಡೆಯಿತು. ಈ ಮಹಾವಿದ್ಯೆಯನ್ನು ನಾನು ಅಲ್ಲೇ ಬಾಗಿಲ ಹಿಂದೆ ನಿಂತು ಕಲಿತೆ.

ಕಲಿತ ವಿದ್ಯೆ ಸುಮ್ಮನೆ ಇಟ್ಟರೆ ಪಾಪವಲ್ಲವೇ? ನಿಮ್ಮ ಹನ್ನೊಂದು ಪುಟದ ವೆಬ್‌ಸೈಟ್ ಅಂಗಡಿಯ ಕಂಪ್ಯೂಟರಿನಲ್ಲಿ ಹಾಗೆಯೇ ತೆರೆಯುವಂತೆ ಬಿಟ್ಟೆ. ಲೋಕಕ್ಕೆಂದು ಇನ್ನೊಂದು ಮಾಡಿದೆ: ಮುಖಪುಟ, ಕಾರ್ಡುಗಳು, ದರ, ಫೋನ್ ನಂಬರ್. ನಾಲ್ಕೇ ಪುಟ. ಅಂಗಡಿಯ ಬೋರ್ಡಿನ ಮೇಲೆ ಬರೆಸಿದ ವಿಳಾಸ ಅದರದೇ. ಎರಡನ್ನೂ ಎದುರಾಎದುರು ತರಲಿಲ್ಲ.

ಮದುವೆಗಳ ಹಂಗಾಮು ಮುಗಿಯಲು ಇನ್ನು ವಾರವಷ್ಟೇ ಉಳಿದಿತ್ತು, ಫೋನ್ ಬಡಿಯಿತು. ಎತ್ತಿದವನು ನಾನು. ಗದಗಿನ ಒಬ್ಬ ಹೆಣ್ಣುಮಗಳು, ಬಾಯಿಯವರು; ಮಗನ ಮದುವೆಗೆ ಕಾರ್ಡು ಬೇಕಂತೆ. "ಕಾಕಾ, ವೆಬ್‌ಸೈಟ್ ನೋಡಿ ಮಾಡ್ಯಾರ" ಎಂದು ಕೂಗಿದೆ. ನೀವು ಮಾನಿಟರಿನ ಅರಿಶಿಣಕ್ಕೆ ಕೈಮುಗಿದು, "ನೋಡಿದಿ? ಮೊದಲ ಗಣಪತಿ" ಎಂದಿರಿ. ಶಟರ್ ಎಳೆಯುವ ಮಾತು ಅಲ್ಲಿಗೇ ನಿಂತಿತು. ಮುಂದೆ ಒಂದು ವರ್ಷ, ಕಾರ್ಡಿನ ತಪ್ಪು ತಿದ್ದುತ್ತ ಕುಳಿತಲ್ಲೇ ನೀವು ತಲೆ ಒರಗಿಸಿದ ಆ ಮಧ್ಯಾಹ್ನದವರೆಗೂ, ದಿನಾ ನನಗೆ ಅದೇ ಮಾತಿನ ಚುಚ್ಚು. ನಾನು ಒಳಗೊಳಗೇ ನಗುತ್ತಿದ್ದೆ.

ನಿನ್ನೆ ಆ ನಗೆಯೂ ಹೋಯಿತು. ನಾನು ಕಂಪ್ಯೂಟರ್ ಹಚ್ಚಿದೊಡನೆ ಕಾಕು, "ಫೋಟೋ ಯಾವುದರಾಗ ಹಾಕ್ತಿ? ಅವರದರಾಗೋ, ನಿಂದರಾಗೋ?" ಎಂದರು.

"ಗೊತ್ತಿತ್ತ್ರಿ, ಕಾಕು?"

"ಆ ಅಮರಗೋಳದ ದಲಾಲರು ತಮ್ಮ ಮನ್ಯಾಗ ನಿನ್ನ ವೆಬ್‌ಸೈಟ್ ತೆಗದು ತೋರಿಸ್ಯಾರ ಇವರಿಗೆ. ಬಂದು ಉಣ್ಣಾಕ ಕುಂತು ಒಬ್ಬರೇ ನಗಾಕತ್ತಿದ್ರು. 'ಹುಡುಗ ನನ್ನ ವಿದ್ಯಾ ನನಗ ತಿರುಗಿಸ್ಯಾನ. ಎದುರಾಎದುರು ತರಬ್ಯಾಡ' ಅಂದ್ರು."

ಹಾಗಾದರೆ ಅದಾದ ಮೇಲೂ ದಿನಾ ಬೆಳಿಗ್ಗೆ "ಮೊದಲ ಗಣಪತಿ" ಎಂದು ನನ್ನ ಮುಖ ನೋಡುತ್ತಿದ್ದಿರಲ್ಲ, ಆಗ ನೀವು...

ಇರಲಿ. ಕ್ರಮದ ತೀರ್ಮಾನವನ್ನು ನೀವೇ ಹಿಂದೊಮ್ಮೆ ಹೇಳಿಟ್ಟಿದ್ದಿರಿ. "ಸತ್ತವರ ಹೆಸರಿಗಷ್ಟ ಜಗಳಿಲ್ಲೋ. ಹೆಸರಿನ ಹಿಂದ ಕೈಲಾಸವಾಸಿ ಅಂತ ಬಿತ್ತಂದ್ರ ತಾನ ಮ್ಯಾಲ ಹೋಗ್ತದ." ಹೊಸ ಪುಟ ಹನ್ನೆರಡನೆಯದಾಗಿ ತಳದಲ್ಲಿ ಕೂತಿತ್ತು. ಮೇಲಿನ ಬಾಣ ಹತ್ತು ಸಲ ಒತ್ತಿದೆ. ನೀವು ಏರಿ ಏರಿ ಗಣಪತಿಯ ಕೆಳಗೆ ನಿಂತಿರಿ. ನಿಮ್ಮ ಕೆಳಗೆ ಫೋನ್ ನಂಬರ್ ತಂದೆ. ಕಾಕು ತಡೆಯಲಿಲ್ಲ: "ತಾರಪಾ. ಈಗ ಅವರೇನು ಮನಿಯವರಲ್ಲ, ಹಿರಿಯರು." ನನ್ನ ನಾಲ್ಕು ಪುಟದ್ದನ್ನು ಅಳಿಸಿ, ಬೋರ್ಡಿನ ವಿಳಾಸಕ್ಕೆ ನಿಮ್ಮದನ್ನೇ ಕೂಡಿಸಿದೆ. ಇನ್ನು ಮೇಲೆ ಅಂಗಡಿಗೂ ಲೋಕಕ್ಕೂ ಒಂದೇ ಮೆನು. ಇದು ನಿಮ್ಮ ಪಮ್ಯಾನ ವಚನ.

ವಚನ ಕೊಟ್ಟ ಬಾಯಲ್ಲೇ ಒಂದು ಸಣ್ಣ ಮಾತು ಹೇಳಿಬಿಡುತ್ತೇನೆ. ಗದಗಿನ ಆ ಬಾಯಿಯವರು ವೆಬ್‌ಸೈಟ್ ನೋಡಿರಲೇ ಇಲ್ಲ. ನಿಮ್ಮದನ್ನೂ ಇಲ್ಲ, ನನ್ನದನ್ನೂ ಇಲ್ಲ. ಫೋನಿನಲ್ಲೇ ನನಗೆ ಹೇಳಿದ್ದರು. ಅವರ ಕೈಯಲ್ಲಿದ್ದದ್ದು ಅಮರಗೋಳದ ಮದುವೆಯ ಕಾರ್ಡು, ಮಾಮಾನ ಹೆಸರು ಮೊದಲಿದ್ದದ್ದು. ನಿಮ್ಮ ಅಂಗಡಿಯ ನಂಬರ್ ಅದರಲ್ಲಿ ಕಟ್ಟಕಡೆಗೆ, ಇರುವೆ ಗಾತ್ರದ ಅಕ್ಷರದಲ್ಲಿ, ಎಲ್ಲರ ಹೆಸರಿಗಿಂತ ಕೆಳಗಿತ್ತು.