ರೋಹಿಣಿಯ ಉಗುರು

ಬ್ಯಾಡಗಿ, ೧೪-೬-೨೦೦೪

ಮಗಳಂಥ ಸೊಸೆ ಭುವನಾಗೆ ಆಶೀರ್ವಾದ.

ನೀನು ಎರಡನೇ ಮದುವೆಯಾಗಿ ಮೇಡ್ಲೇರಿಗೆ ಹೋದಾಗಿನಿಂದ ನಿನ್ನ ರೋಹಿಣಿ ರಕ್ತ ಬರುವ ಹಾಗೆ ಉಗುರು ಕಚ್ಚುತ್ತಿದ್ದಳು. ಬೆರಳಿಗೆ ಮೆಣಸಿನಕಾಯಿ ತಿಕ್ಕಿದೆ, ಅಳುತ್ತಲೇ ಕಚ್ಚಿದಳು. ಕೊನೆಗೆ ಪಕ್ಕದಲ್ಲಿ ಕೂರಿಸಿಕೊಂಡು ಕಾರಣ ಕೇಳಿದೆ.

"ಐತವಾರ ಬಂದು ಉಗುರ ತಗೀತೇನಿ ಅಂತ ಅವ್ವ ಹೇಳಿ ಹೋಗ್ಯಾಳ. ಉಗುರ ಬೆಳದ್ರ ಅಕಿ ನೆನಪಾಗ್ತಾಳ," ಅಂದಳು.

ಅಂದಿನಿಂದ ಬೈಯುವುದಿಲ್ಲ. ಬಾಯಿಗೆ ಹೋದ ಕೈಯನ್ನು ಹಿಡಿದುಕೊಂಡು ಕೂರುತ್ತೇನೆ. ಈಗ ಎರಡು ಬೆರಳಿಗೆ ಉಗುರು ಬಂದಿದೆ.

ನನ್ನ ಮಗ ತೀರಿದ ಮೇಲೆ ನಿನ್ನನ್ನು ಮದುವೆಗೆ ಒಪ್ಪಿಸಿದವಳು ನಾನೇ. ನಿನ್ನ ಮೇಲೆ ಸಿಟ್ಟಿಲ್ಲ. ಒಂದು ಐತವಾರ ಬಂದು ಹೋಗು. ಆಗದಿದ್ದರೆ, ಬರುವುದಿಲ್ಲವೆಂದು ನೀನೇ ಅವಳಿಗೆ ಬರೆ. ನನ್ನ ಬಾಯಿಂದ ಆ ಮಾತು ಹೊರಡುತ್ತಿಲ್ಲ. ಅಕ್ಷರ ದೊಡ್ಡದಾಗಿರಲಿ, ಅವಳು ಈಗೀಗ ಕೂಡಿಸಿ ಓದುತ್ತಾಳೆ.

ನಿನ್ನ ಅತ್ತೆ,
ಗದಿಗೆವ್ವ