ಸರದಾರರ ಪೈಕಿ

ನವೆಂಬರ್ 12, ಮಂಗಳವಾರ. ಬೆಳಿಗ್ಗೆ

ಹಾಲು ಉಕ್ಕಿತು. ಒಲೆಯ ಮುಂದೆ ನಿಂತೇ ಇದ್ದೆ, ಕಣ್ಣೆದುರಿಗೇ ಉಕ್ಕಿತು. ಹೆಂಡತಿ ಜಯಮಾಲಾ ಇದ್ದಿದ್ದರೆ, "ಡಿಪೋದಾಗ ಬಸ್ಸೂ ಹಿಂಗ ಬಿಡ್ತಿದ್ರೇನ್ರಿ?" ಅನ್ನುತ್ತಿದ್ದಳು. ಆಕೆ ಹೋದ ಮೇಲೆ ಮನೆ ದೊಡ್ಡದಾಯಿತು. ಡಿಪೋ ಕ್ಲಾರ್ಕ್ ನೌಕರಿ ಮುಗಿದ ಮೇಲೆ ಹಗಲೂ ದೊಡ್ಡದಾಯಿತು. ಅದಕ್ಕೇ ಮೇಲಿನ ಖೋಲಿ ಬಾಡಿಗೆಗೆ ಕೊಟ್ಟದ್ದು. ಮೆಟ್ಟಿಲ ಮೇಲೆ ಯಾರದಾದರೂ ಕಾಲಿನ ಸಪ್ಪಳ ಬೇಕಿತ್ತು, ಅಷ್ಟೇ.

ಸಪ್ಪಳ ಬಂದಿದೆ. ಶಮ್ಶುನ್ನೀಸಾ. ನಮ್ಮ ಇಂಡಿ ಊರಿನ ಕಾಲೇಜಿನಲ್ಲಿ ಇಂಗ್ಲಿಷಿಗೆ ಗೆಸ್ಟ್ ಲೆಕ್ಚರರ್. ಹಳಿಯಾಳದ ಕಡೆಯ ಸಿದ್ದಿ ಹುಡುಗಿ. ಗುಂಗುರು ಕೂದಲು, ಮಳೆ ಬಿದ್ದ ಎರೆ ಹೊಲದ ಬಣ್ಣ. ನಡೆಯುವುದು ಮಾತ್ರ ಬಸ್ ತಪ್ಪಿದವರ ಹಾಗೆ.

ಡೇರಿಯಲ್ಲಿ ಎದುರು ಮನೆಯ ಗುಂಡವ್ವ ಸಿಕ್ಕಳು.

"ರಾಚಪ್ಪಣ್ಣ, ನಿಮ್ಮ ಮನ್ಯಾಗಿನ ಆಫ್ರಿಕಾದಾಕಿ ಕನ್ನಡ ಭಾಳ ಲಗೂ ಕಲ್ತಾಳ ಬಿಡ್ರಿ!"

"ಕಲಿಯೂದೇನು? ಆಕಿ ಹಳಿಯಾಳದಾಕಿ."

"ಹಳಿಯಾಳ ಆಫ್ರಿಕಾದಾಗ ಬರ್ತೈತೇನ್ರಿ?"

ಹಾಲು ಹಿಡಿದುಕೊಂಡು ಬಂದೆ, ಉಕ್ಕಿಸಿದೆ.

ನವೆಂಬರ್ 16, ಶನಿವಾರ

ಶಮ್ಶು ಒಂದು ದಪ್ಪ ಪುಸ್ತಕ ಹಿಡಿದು ಕೆಳಗೆ ಬಂದಳು. "ಕಾಕಾರ, ನೀವು ಬಿ.ಎ. ಇಂಗ್ಲಿಷ್ ಅಂತಲ್ಲ?"

ಹೌದು ಅಂದೆ. ಸಿಂದಗಿಯಲ್ಲಿ ಓದಿದ್ದು. ಈಗ ಉಳಿದದ್ದು ಏನು? 'ನೋ ಸೂನರ್' ಬಂದರೆ ಹಿಂದೆಯೇ 'ದ್ಯಾನ್' ಬರಬೇಕು. 'ಪುಟ್ ಅಪ್ ವಿತ್' ಅಂದರೆ ಸಹಿಸು. ರಜೆ ಅರ್ಜಿಯ 'ಐ ಬೆಗ್ ಟು ಸ್ಟೇಟ್'. ಉಳಿದದ್ದೆಲ್ಲ ಡಿಪೋದ ಡೀಸೆಲ್ ವಾಸನೆಯಲ್ಲಿ ಹಾರಿಹೋಯಿತು. ಆದರೂ ಹೌದು ಅಂದೆ...

ಆಕೆ ಈ ಕಾದಂಬರಿಯನ್ನು ಕನ್ನಡಕ್ಕೆ ತರುತ್ತಿದ್ದಾಳೆ. ಬರೆದವಳು ಕರಿಯ ಹೆಂಗಸು. ಕಬ್ಬು ಬೆಳೆಯುವ ಒಂದು ದ್ವೀಪದಲ್ಲಿ ಹುಟ್ಟಿ, ಸ್ಪ್ಯಾನಿಷ್ ಆಡುತ್ತ ಬೆಳೆದು, ಹಿಮ ಬೀಳುವ ಅಮೆರಿಕದ ಊರಿಗೆ ದುಡಿಯಲು ಹೋದವಳು. ಅವಳ ಹಿರಿಯರನ್ನು ಆಫ್ರಿಕಾದಿಂದ ಹಡಗಿನಲ್ಲಿ ಹಿಡಿದು ತಂದದ್ದು. ಕಥೆಯ ಹುಡುಗಿಯೂ ಅಂಥವಳೇ.

"ಅಲ್ಲಿ ಕರಿ ಮಂದಿ ಆಕಿಗೆ, ನೀ ಸ್ಪ್ಯಾನಿಷ್ ಮಾತಾಡ್ತಿ, ನಮ್ಮಾಕಿ ಅಲ್ಲ ಅಂತಾರ. ಸ್ಪ್ಯಾನಿಷ್ ಮಂದಿ, ನೀ ಕರಿಯಾಕಿ, ಅತ್ತಾಗ ಹೋಗು ಅಂತಾರ."

"ಮತ್ತ ಆಕಿ ಎಲ್ಲಿಗೆ ಹೋಗ್ತಾಳ?"

"ಅದ ಕಾದಂಬರಿ, ಕಾಕಾರ." ನಕ್ಕಳು. ಆಮೇಲೆ — "ನಾನೂ ಹಂಗ. ಊರಾಗ ಸಿದ್ದಿ. ಇಲ್ಲಿ ಇಂಡಿ ಊರಾಗ ಆಫ್ರಿಕಾದಾಕಿ. ಮುಂಬೈಗೆ ಇಂಟರ್ವ್ಯೂಗೆ ಹೋದ್ರ ಗೇಟಿನ್ಯಾಗ ಪಾಸ್‌ಪೋರ್ಟ್ ಕೇಳಿದ್ರು."

ಕೆಲಸದ ಪದ್ಧತಿ ಹೀಗೆ: ಆಕೆ ಇಂಗ್ಲಿಷ್ ಓದಿ ಅರ್ಥ ಹೇಳುತ್ತಾಳೆ. ನಮ್ಮ ಮಂದಿ ಅದನ್ನು ಹೇಗೆ ಆಡುತ್ತಾರೆ ಅಂತ ನಾನು ಹೇಳುತ್ತೇನೆ. ಆಕೆ ಬರೆದುಕೊಳ್ಳುತ್ತಾಳೆ. ಕಥೆಯ ಹುಡುಗಿಯ ಅಜ್ಜಿಗೆ 'ಆಯಿ' ಅನ್ನು ಅಂದೆ. ಒಪ್ಪಿದಳು.

ಆ ಆಯಿ ಸಂತೆಯಲ್ಲಿ ಯಾವನೋ ಬಿಳಿ ಕ್ಯಾಪ್ಟನ್ನನ ಫೋಟೋ ಕೊಂಡು ಗೋಡೆಗೆ ಹಾಕಿದ್ದಾಳೆ. ಬಂದವರಿಗೆಲ್ಲ 'ನಮ್ಮಜ್ಜ' ಅನ್ನುತ್ತಾಳೆ. ನಾನು ಹೊಟ್ಟೆ ಹಿಡಿದು ನಕ್ಕೆ. ಶಮ್ಶು ನಗಲಿಲ್ಲ.

ನವೆಂಬರ್ 24, ಭಾನುವಾರ. ಸಂಜೆ

ಗುಂಡವ್ವನ ಮೊಮ್ಮಗಳ ಕುಬಸ. ಚೊಚ್ಚಲ ಬಸುರಿ. ಓಣಿಯ ಹೆಂಗಸರಿಗೆಲ್ಲ ಕರೆ, ಶಮ್ಶುಗೂ. ಹಸಿರು ಸೀರೆ ಉಟ್ಟು ಹೋದಳು. ಬೇಗ ಬಂದಳು. ನೆಟ್ಟಗೆ ಮೇಲೆ ಹೋದಳು.

ಪಕ್ಕದ ಮನೆಯ ಮುಬಿನ ದಾರಿಯಲ್ಲಿ ಸಿಕ್ಕು ಹೇಳಿದಳು. ಬಂದ ಹೆಂಗಸರಿಗೆಲ್ಲ ಉಡಿ ತುಂಬಿದರಂತೆ — ಅಕ್ಕಿ, ಕೊಬ್ಬರಿ, ಖಣ. ಮುಬಿನಗೂ ಕೊಟ್ಟರು. ಶಮ್ಶು ಮುಂದೆ ಬಂದಾಗ ತಾಟು ಹಾಗೇ ದಾಟಿಹೋಯಿತು.

ನನಗೆ ತಲೆ ಬಿಸಿ. ಗುಂಡವ್ವನ ಕಟ್ಟೆಗೆ ಹೋದೆ.

"ಏನ್ರಿ ಗುಂಡವ್ವ, ಕರದು ಕುಂಡ್ರಿಸಿ ಹಿಂಗ ಮಾಡೂದಾ?"

"ಸಿಟ್ಟಾಗಬ್ಯಾಡ್ರಿ ಅಣ್ಣ. ಜಾತಿ ಮಾತಲ್ಲ, ಮುಬಿನಗೂ ಕೊಟ್ಟೇವಿ. ಉಡಿ ಅಂದ್ರ ಮತ್ತ ತುಂಬಿಕೊಂಡು ಬಾ ಅಂತ ಕಳಸೂದು. ಈಕಿ ಯಾರ ಪೈಕಿ? ತವರು ಯಾವುದು? ಎಲ್ಲಿಗೆ ಹೋಗಾಕಿ, ಎಲ್ಲಿಂದ ಬರಾಕಿ? ಗೊತ್ತಿಲ್ಲದವರಿಗೆ ಹೆಂಗ ತುಂಬೂದ್ರಿ?"

ಕೆಟ್ಟ ಹೆಂಗಸಲ್ಲ ಗುಂಡವ್ವ. ಜಯಮಾಲಾ ಮಲಗಿದಾಗ ದಿನಾ ಗಂಜಿ ತಂದಾಕೆ. ಅದಕ್ಕೇ ಇನ್ನೂ ಸಿಟ್ಟು ಬಂತು. ಬಾಯಿಂದ ಬಂದೇಬಿಟ್ಟಿತು:

"ಯಾರ ಪೈಕಿ ಅಂತೀರಾ? ವಿಜಾಪುರದ ಬಾದಶಹಾನ ದರಬಾರದಾಗ ಹಬಸಿ ಸರದಾರರು ಇದ್ರಲ್ಲ — ಕುದರಿ, ಆನಿ, ಕ್ವಾಟಿ — ಅವರ ಪೈಕಿ! ನಿಮ್ಮ ನಮ್ಮಕಿಂತ ಮೊದಲ ಈ ಸೀಮ್ಯಾಗ ಇದ್ದ ಮನೆತನ!"

ಗುಂಡವ್ವನ ಕೈ ಗಲ್ಲಕ್ಕೆ ಹೋಯಿತು. "ಯವ್ವಾ... ಹೌದೇನ್ರಿ?"

ಹಬಸಿ ಸರದಾರರು, ಅಂದರೆ ಆಫ್ರಿಕಾದಿಂದ ಬಂದ ದಂಡನಾಯಕರು, ಇದ್ದದ್ದು ಖರೆ. ಶಾಲೆಯ ಟ್ರಿಪ್‌ನಲ್ಲಿ ಗೋಳಗುಮ್ಮಟದ ಗೈಡ್ ಹೇಳಿದ್ದ. ಈಕೆ ಅವರ ಪೈಕಿ ಅನ್ನುವುದು ನಾನು ಹಚ್ಚಿದ್ದು. ಇರಲಿ. ಒಳ್ಳೆಯದಕ್ಕೇ ಅಲ್ಲವೇ?

ನವೆಂಬರ್ 30, ಶನಿವಾರ

ಕೆಲಸ ಮಾಡಿತು! ಗುಂಡವ್ವನ ಮನೆಯಿಂದ ಸಜ್ಜೆ ರೊಟ್ಟಿ, ಎಣ್ಣೆಗಾಯಿ ಬಂತು — "ಮೇಡಂಗ ಕೊಡ್ರಿ" ಅಂತ. ಕಿರಾಣಿಯವನು ಆಕೆಗೆ ಕುರ್ಚಿ ಹಾಕಿದನಂತೆ. ಲಿಂಬಿಕಾಯಿ ಅಡತಿಯವನು ಒಂದು ಚೀಲ ಹಣ್ಣು ಕಳಿಸಿದ್ದಾನೆ. ಸರದಾರರ ಮನೆಗೆ ಇಂಡಿ ಊರಿನ ಕಾಣಿಕೆ! ಉಪ್ಪಿನಕಾಯಿ ಹಾಕಬೇಕು. ಜಯಮಾಲಾ ಎಷ್ಟು ಉಪ್ಪು ಹಾಕುತ್ತಿದ್ದಳೋ, ಕೇಳಿಕೊಳ್ಳಲೇ ಇಲ್ಲ ನೋಡು ಆಗ.

ಶಮ್ಶು: "ಕಾಕಾರ, ಓಣಿ ಮಂದಿ ಒಮ್ಮಿಂದೊಮ್ಮೆ ಯಾಕ ಇಷ್ಟು ಚಂದ ಆದ್ರು?"

"ಹೊತ್ತು ಬೇಕಾಗ್ತೈತಿ ಯವ್ವಾ, ಮಂದಿಗೆ."

ಐದು ಅಧ್ಯಾಯ ಆಯಿತು. ಕಥೆಯ ಹುಡುಗಿ ಈಗ ಹಡಗು ಹತ್ತಬೇಕು. ಆಯಿ ಆಕೆಯ ಪೆಟ್ಟಿಗೆಯಲ್ಲಿ ಆ ಕ್ಯಾಪ್ಟನ್ನನ ಫೋಟೋ ಇಡುತ್ತಾಳೆ — ಅಲ್ಲಿ ಯಾರಾದರೂ ಕೇಳಿದರೆ ತೋರಿಸು ಅಂತ. ಹುಡುಗಿ ಅದನ್ನು ತೆಗೆದು ಹಾಸಿಗೆಯ ಮೇಲಿಟ್ಟು ಹೋಗುತ್ತಾಳೆ. ಶಮ್ಶು ಇಷ್ಟು ಓದಿ ಬಹಳ ಹೊತ್ತು ಪುಟ ತಿರುವಲಿಲ್ಲ.

ಕಣ್ಣು ದಣಿದಿರಬೇಕು ಅಂದುಕೊಂಡೆ. ಚಹಾ ಇಡಲಾ ಅಂತ ಕೇಳಿದೆ.

ಡಿಸೆಂಬರ್ 8, ಭಾನುವಾರ

ಸಿಂದಗಿಯಿಂದ ಅನೀಲಕುಮಾರ ಬಂದಿದ್ದ. ಹೈಸ್ಕೂಲ್ ಮಾಸ್ತರ, ಅಲ್ಲಿಯ ಸಾಹಿತ್ಯ ಬಳಗದ ಕಾರ್ಯದರ್ಶಿ. ಇಪ್ಪತ್ತೆರಡಕ್ಕೆ ಕಾರ್ಯಕ್ರಮ. ಶಮ್ಶು ತನ್ನ ಅನುವಾದ ಓದಬೇಕಂತೆ. ಆಕೆ ಮಂದಿಯೆದುರು ಓದುವುದು ಇದೇ ಮೊದಲು. ಮುಖ ಹೇಗೆ ಅರಳಿತು! ಆಮಂತ್ರಣ ಪತ್ರಿಕೆ ಆಗಲೇ ಅಚ್ಚಾಗಿದೆ, ಕೈಗೆ ಕೊಟ್ಟ. ಆಕೆಯ ಹೆಸರಿನ ಮುಂದೆ — 'ಆದಿಲಶಾಹಿ ಹಬಸಿ ಸರದಾರರ ವಂಶಸ್ಥೆ'.

"ಇದ್ಯಾರು ಹೇಳಿದ್ರಿ ಸರ್ ನಿಮಗ?"

"ಇಂಡಿ ಊರಾಗ ಎಲ್ಲಾರಿಗೂ ಗೊತ್ತೈತಲ್ರಿ ಮೇಡಂ! ನಮ್ಮ ಜಿಲ್ಲಾದ ಹೆಮ್ಮೆ ನೀವು."

ಅವನ ಬೈಕು ಓಣಿ ದಾಟಿದ ಮೇಲೆ ಶಮ್ಶು ಪತ್ರಿಕೆ ನನ್ನ ಮುಂದೆ ಇಟ್ಟಳು. ಆಮೇಲೆ ನನ್ನ ಕಡೆ ನೋಡಿದಳು. ನಾನೇ ತಲೆ ಕೆಳಗೆ ಹಾಕಿದೆ.

"ನಾ ಇದ್ದಂಗ ಇದ್ರ ನಿಮಗ ಸಾಲಲಿಲ್ಲೇನ್ರಿ ಕಾಕಾರ?"

"ಹಂಗಲ್ಲ ಯವ್ವಾ, ಆ ಕುಬಸದ ದಿನ..."

"ನಮ್ಮ ಹಿರ್ಯಾರು ಆನಿ ಮ್ಯಾಲ ಬಂದಿಲ್ಲ. ಹಡಗದ ತಳದಾಗ ಬಂದ್ರು. ಗೋವಾದಾಗ ಮಾರಿದ್ರು. ಓಡಿ ಕಾಡ ಸೇರಿ ಬದಕಿದ್ರು. ಅದನ್ನ ಮುಚ್ಚಿ ಇಷ್ಟು ದೊಡ್ಡ ಫೋಟೋ ತೂಗ ಹಾಕಿದ್ರಿ ನೀವು. ಐದು ಅಧ್ಯಾಯ ನನ್ನ ಜೋಡಿ ಕುಂತು ಏನ್ ಓದಿದ್ರಿ?"

ಎದ್ದು ಹೊರಟಳು. ಮೆಟ್ಟಿಲ ಮೇಲೆ ನಿಂತು ಒಂದು ಮಾತು — "ನೀವ ಹಾಕೀರಿ, ನೀವ ಇಳಸ್ರಿ. ಅದು ಇರೂತನಕ ನಾ ಅಲ್ಲಿ ಓದೂದಿಲ್ಲ."

ಡಿಸೆಂಬರ್ 17, ಮಂಗಳವಾರ

ಬರೆಯಲು ಏನೂ ಇರಲಿಲ್ಲ ಇಷ್ಟು ದಿನ. ಸಪ್ಪಳ ಮೇಲೆ ಹೋಗುತ್ತದೆ, ಕೆಳಗೆ ಬರುತ್ತದೆ, ನನ್ನ ಬಾಗಿಲ ಮುಂದೆ ನಿಲ್ಲುವುದಿಲ್ಲ. ಪುಸ್ತಕ ಮೇಲೆಯೇ ಇದೆ. ಬೇರೆ ಖೋಲಿ ನೋಡುತ್ತಿದ್ದಾಳಂತೆ, ಮುಬಿನ ಹೇಳಿದಳು.

ಅನೀಲಕುಮಾರನಿಗೆ ಫೋನ್ ಮಾಡಿದೆ. ತಪ್ಪಾಗಿದೆ, ಆ ಸಾಲು ತೆಗೆಯಿರಿ ಅಂದೆ.

"ಫ್ಲೆಕ್ಸ್ ಸೈತ ಆಗೇತ್ರಿ ಸರ್. ಇರ್ಲಿ ಬಿಡ್ರಿ, ಚಂದ ಐತಿ. ಸರದಾರ ಅಂದ್ರ ಮಂದಿ ಬರ್ತಾರ, ಬರೇ ಅನುವಾದ ಅಂದ್ರ ಯಾರ್ ಬರ್ತಾರ್ರಿ? ನೀವೂ ಎರಡು ಮಾತು ಪರಿಚಯ ಮಾಡ್ರಿ ಮತ್ತ."

ಫೋನಿನಲ್ಲಿ ಹೇಳಿದರೆ ಇಳಿಯುವ ಫೋಟೋ ಅಲ್ಲ ಇದು. ಇಡೀ ಊರಿಗೆ ಹಾಕಿದ್ದೇನೆ. ಊರೆದುರಿಗೇ ಇಳಿಸಬೇಕು. ಈ ವಯಸ್ಸಿನಲ್ಲಿ ನಾಲ್ಕು ಮಂದಿಯೆದುರು ಸುಳ್ಳುಗಾರ ಅನ್ನಿಸಿಕೊಳ್ಳುವುದು... ಪುಟ್ ಅಪ್ ವಿತ್.

ಮೆಟ್ಟಿಲ ಕೆಳಗೆ ನಿಂತು ಕೂಗಿ ಹೇಳಿದೆ: "ನಾ ಇಳಸ್ತೇನಿ. ನೀ ಬಾ."

ಮೇಲೆ ಬಾಗಿಲು ಮುಚ್ಚಿದ ಸಪ್ಪಳ ಬಂತು.

ಡಿಸೆಂಬರ್ 23, ಸೋಮವಾರ. ಬೆಳಿಗ್ಗೆ

ನಿನ್ನೆಯದು ಬರೆಯಬೇಕು.

ಬಸ್ಸಿನಲ್ಲಿ ಶಮ್ಶು ಮುಂದಿನ ಸೀಟಿನಲ್ಲಿ ಕೂತಳು, ನಾನು ಹಿಂದೆ. ಬಂದಳಲ್ಲ, ಸಾಕು. ಸಿಂದಗಿಯ ಕಲ್ಯಾಣ ಮಂಟಪ. ಬಾಗಿಲಿಗೇ ಫ್ಲೆಕ್ಸ್, ಆನೆಯ ಚಿತ್ರ ಬೇರೆ ಹಾಕಿಸಿದ್ದಾನೆ ಪುಣ್ಯಾತ್ಮ. ಗುಂಡವ್ವನೂ ಓಣಿಯ ಹೆಂಗಸರನ್ನು ಕಟ್ಟಿಕೊಂಡು ಬಂದಿದ್ದಳು — ನಮ್ಮ ಓಣಿ ಸರದಾರ್ತಿ ಅಂತ!

ನನ್ನ ಹೆಸರು ಕರೆದರು. ಮೈಕ್ ಹಿಡಿದೆ. ಕನ್ನಡವೇ ಬರಲಿಲ್ಲ, ಬಂದದ್ದು — "ಐ ಬೆಗ್ ಟು ಸ್ಟೇಟ್ ದ್ಯಾಟ್..." ಜನ ನಕ್ಕರು. ಹಿಂದಿನಿಂದ ಯಾರೋ, "ರಜಾ ಮಂಜೂರ್ ಆತ್ರಿ, ಕುಂಡ್ರ್ರಿ!" ಅಂದರು. ಇನ್ನೂ ನಗು.

ಆ ನಗುವಿನಲ್ಲೇ ಹೇಳಿಬಿಟ್ಟೆ. "ಈ ಹುಡಿಗಿ ಸರದಾರರ ಪೈಕಿ ಅಲ್ಲ. ಅದು ಸುಳ್ಳು. ನಾನ ಕಟ್ಟಿ ಹೇಳಿದ್ದು. ಆಕಿ ಹೇಳಿಲ್ಲ, ಆಕಿಗೆ ಗೊತ್ತೂ ಇರಲಿಲ್ಲ."

ನಗು ನಿಂತಿತು. ಅನೀಲಕುಮಾರ ಅಂಗಿ ಜಗ್ಗಿದ. ಗುಂಡವ್ವ ಎದ್ದು ನಿಂತಳು.

"ಮತ್ತ ಯಾರ ಪೈಕಿ ರಾಚಪ್ಪಣ್ಣ?"

ಬಾಯಿ ತೆರೆದೆ. ನನಗೆ ಗೊತ್ತಿತ್ತು, ಆದರೆ ಮತ್ತೆ ನಾನೇ ಹೇಳಿದರೆ ಅದೂ ನಾನು ಕಟ್ಟಿದ್ದೇ ಆಗುತ್ತಿತ್ತು. ಮೈಕ್ ಹಿಡಿದುಕೊಂಡು ಶಮ್ಶು ಕಡೆ ತಿರುಗಿದೆ. ಆಕೆ ಎದ್ದು ಬಂದು ಇಸಿದುಕೊಂಡಳು.

"ಓಡಿ ಬಂದವರ ಪೈಕಿ, ಆಯಿ," ಅಂದಳು. "ನಮ್ಮನ್ನ ಮಾರಿದ್ರು, ನಾವು ಓಡಿದ್ವಿ. ಹಳಿಯಾಳದ ಕಾಡು ಇಟಗೊಂತು. ಇನ್ನೊಂದಿಷ್ಟು ಮಂದಿನ್ನ ಬ್ಯಾರೆ ಹಡಗದಾಗ ಬ್ಯಾರೆ ಕಡೆ ಒಯ್ದ್ರು. ಅವರ ಪೈಕಿ ಒಬ್ಬಾಕಿ ಬರದದ್ದು ಇದು. ಈಗ ಓದ್ತೇನಿ."

ಓದಿದಳು. ಆಯಿ ಪೆಟ್ಟಿಗೆ ಕಟ್ಟುವುದು, ಹುಡುಗಿ ಹಿಂದೆ ತಿರುಗಿ ನೋಡದೆ ಬಂದರಿಗೆ ನಡೆಯುವುದು. ನಾನು ಹೇಳಿಕೊಟ್ಟ ಮಾತುಗಳು ಆಕೆಯ ಬಾಯಲ್ಲಿ ನನ್ನವು ಅನ್ನಿಸಲೇ ಇಲ್ಲ. ಒಂದು ಕುರ್ಚಿ ಸಪ್ಪಳವಿಲ್ಲ. ಹಾಂ, ಮೂರು ನಾಲ್ಕು ಮಂದಿ ಎದ್ದು ಹೋದರು, ಸರದಾರ ಸಿಗಲಿಲ್ಲ ಅಂತ. ಹೋಗಲಿ.

ಮುಗಿದ ಮೇಲೆ ಒಬ್ಬ ಮುದುಕಿ ಬಂದಳು. ಸೀತವ್ವ ಅಂತ, ಮಸೂತಿ ಹಳ್ಳಿಯಿಂದ ಮಗಳ ಮನೆಗೆ ಬಂದವಳು. ಶಮ್ಶುವಿನ ಕೂದಲು ನೋಡಲಿಲ್ಲ, ಬಣ್ಣ ನೋಡಲಿಲ್ಲ. ಕೈ ಹಿಡಿದು ಕೇಳಿದಳು:

"ಆ ಹುಡಿಗಿ ಮುದಿಕಿ ಸತ್ತಾಗ ಮಣ್ಣಿಗಾರ ಬಂದ್ಲೇನ ಬೇ?"

ಶಮ್ಶು ಪುಸ್ತಕ ತೋರಿಸಿದಳು. "ಮುಂದಿನ ಅಧ್ಯಾಯದಾಗ ಐತ್ರಿ ಆಯಿ. ಇನ್ನೂ ಕನ್ನಡ ಆಗಿಲ್ಲ."

"ಮತ್ತ ಕುಂತು ಲಗೂ ಮಾಡ. ನನಗ ನಿದ್ದಿ ಹತ್ತಂಗಿಲ್ಲ."

ಗುಂಡವ್ವ ಬಾಗಿಲಲ್ಲಿ ನನ್ನನ್ನು ನೋಡಿ ಮುಖ ತಿರುವಿದಳು. ಶಮ್ಶು ಜೊತೆ ಮಾತ್ರ ಬಸ್ ಸ್ಟ್ಯಾಂಡ್ ತನಕ ನಡೆದಳು. ಏನು ಮಾತಾಡಿದರೋ, ನನಗೆ ಯಾರೂ ಹೇಳಿಲ್ಲ.

ಡಿಸೆಂಬರ್ 25, ಬುಧವಾರ. ಮಧ್ಯಾಹ್ನ

ಕಾಲೇಜಿಗೆ ಸೂಟಿ. ಹತ್ತು ಗಂಟೆಗೆ ಮೆಟ್ಟಿಲ ಸಪ್ಪಳ ಬಂತು, ನನ್ನ ಬಾಗಿಲ ಮುಂದೆ ನಿಂತಿತು. ಪುಸ್ತಕ ಮೇಜಿನ ಮೇಲೆ ಬಿತ್ತು.

"ಸಿಟ್ಟು ಇನ್ನೂ ಹೋಗಿಲ್ರಿ. ಹೇಳಿರ್ತೇನಿ."

"ಇರ್ಲಿ ಯವ್ವಾ."

"ಆದ್ರ ಸೀತವ್ವಾಯಿ ಎರಡು ಸಲ ಫೋನ್ ಮಾಡ್ಯಾಳ. ಬರ್ರಿ, ಕುಂಡ್ರ್ರಿ."

ಕೂತೆವು. ಊಟಕ್ಕೆ ಅಂತ ಈಗ ಮೇಲೆ ಹೋಗಿದ್ದಾಳೆ. ಪುಸ್ತಕ ಇಲ್ಲೇ ಬಿಟ್ಟಿದ್ದಾಳೆ. ತಡೆಯಲಾಗದೆ ಮುಂದಿನ ಪುಟ ನಾನೇ ಬಿಡಿಸುತ್ತಿದ್ದೇನೆ, ಡಿಕ್ಷನರಿ ತೊಡೆಯ ಮೇಲೆ. ಹುಡುಗಿ ಯಾರದೋ ಮನೆಯ ನೆಲ ಒರೆಸುತ್ತಿದ್ದಾಳೆ. ಹೊರಗೆ ಹಿಮ. ಗೋಡೆಯ ಫೋನು ರಿಂಗಾಗುತ್ತದೆ. ಊರಿನಿಂದ. ಹುಡುಗಿ ಒದ್ದೆ ಕೈ ಒರೆಸಿಕೊಂಡು ಎತ್ತುತ್ತಾಳೆ. ಆ ಕಡೆ ಯಾರೋ ಅಳುತ್ತಿದ್ದಾರೆ. ಹುಡುಗಿ ಕೇಳುತ್ತಾಳೆ, ಯಾವಾಗ? ಆ ಕಡೆಯವರು ಹೇಳುತ್ತಾರೆ —

ನೋ ಸೂನರ್ ಡಿಡ್ ಶಿ... ಈ ಸಾಲು ನನಗೆ ಬರುತ್ತದೆ! ತಾಳು, ಶಮ್ಶು ಇಳಿಯುತ್ತಿದ್ದಾಳೆ, ಆಕೆಯ ಮುಂದೆಯೇ ಬಿಡಿಸುತ್ತೇನೆ.